ಮಕ್ಕಳೇ ಕಟ್ಟಿಕೊಂಡ ಆಟದ ಬಯಲು

ಡೆನ್ಮಾರ್ಕಿನ ರಾಜಧಾನಿ ಕೋಪನ್‌ಹೇಗನ್ನಿನ ಅಂಚಿನಲ್ಲಿರುವ ಎಮ್‌ಡ್ರುಪ್ ಎಂಬಲ್ಲಿ, 1943ರ ಆಗಸ್ಟ್ ತಿಂಗಳಲ್ಲಿ, ದೇಶವೆಲ್ಲ ಜರ್ಮನ್ ಸೇನೆಯ ವಶದಲ್ಲಿದ್ದ ಆ ದುರ್ದಿನಗಳಲ್ಲಿ, ಕಾರ್ಮಿಕರ ವಸತಿ ಸಮುಚ್ಚಯವೊಂದರ ಮಗ್ಗುಲಿಗಿದ್ದ ಬಯಲು ಮಕ್ಕಳ ಪಾಲಿಗೆ ತೆರೆಯಿತು. ಅಲ್ಲಿ ಉಯ್ಯಾಲೆಯಿರಲಿಲ್ಲ, ಜಾರುಬಂಡೆಯಿರಲಿಲ್ಲ. ಇದ್ದುದು ಮಣ್ಣು, ಹಲಗೆ, ಇಟ್ಟಿಗೆ, ಹಳೆಯ ಸಾಮಾನು, ಅವುಗಳೊಡನೆ ಸಲಿಕೆ ಸುತ್ತಿಗೆಗಳು.

ಈ ಕಲ್ಪನೆ ಸಿ. ಟಿ. ಸೋರೆನ್ಸೆನ್ ಎಂಬ ಉದ್ಯಾನಶಿಲ್ಪಿಯದು. ತಾವು ಶ್ರಮವಹಿಸಿ ರೂಪಿಸಿದ ಕ್ರೀಡಾಂಗಣಗಳನ್ನು ಬಿಟ್ಟು ಮಕ್ಕಳು ಕಟ್ಟಡವೇಳುತ್ತಿರುವ ಜಾಗಗಳಿಗೆ ನುಗ್ಗುವುದನ್ನು ಕಂಡಿದ್ದ ಅವರು, ಹಳ್ಳಿಯ ಮಗುವಿಗೆ ಸಹಜವಾಗಿ ಲಭಿಸುವ ಸೃಷ್ಟಿಶೀಲ ಆಟದ ಅವಕಾಶವು ಪಟ್ಟಣದ ಮಗುವಿಗೂ ಲಭಿಸತಕ್ಕದ್ದೆಂದು ಬಗೆದು, 1931ರ ತಮ್ಮ ಗ್ರಂಥದಲ್ಲಿಯೇ ಇಂಥ ಬಯಲನ್ನು ಸೂಚಿಸಿದ್ದರು. ಎಮ್‌ಡ್ರುಪ್‌ನ ಬಯಲಿನ ಸುತ್ತಲೂ ಮಣ್ಣಿನ ಏರಿ ಹಾಕಿ ಅದರ ಮೇಲೆ ಬೇಲಿ, ಗಿಡಗಳನ್ನು ಎಬ್ಬಿಸಿದುದರಲ್ಲಿ ಅವರ ವಿವೇಕ ಎದ್ದು ಕಾಣುತ್ತದೆ. ಅಚ್ಚುಕಟ್ಟನ್ನೇ ಸೌಂದರ್ಯವೆಂದು ನಂಬಿದ ಹಿರಿಯರ ಕಣ್ಣಿಗೆ ಒಳಗಿನ ಕೆಸರು ಬೀಳದಿದ್ದುದೇ ಮಕ್ಕಳ ಭಾಗ್ಯ. ತಮ್ಮ ಕೃತಿಗಳಲ್ಲೆಲ್ಲ ಇದೇ ಅತ್ಯಂತ ಕುರೂಪವಾದರೂ ತಮಗೆ ಇದೇ ಅತ್ಯಂತ ಸುಂದರವೆಂದು ಸೋರೆನ್ಸೆನ್ ಹೇಳಿಕೊಂಡರು.

ಮೊದಲ ಮೇಲ್ವಿಚಾರಕರಾದ ಜಾನ್ ಬರ್ಟೆಲ್ಸನ್ ಹಿಂದೆ ನಾವಿಕರಾಗಿದ್ದು, ಶಿಶುಶಿಕ್ಷಣದ ತರಬೇತಿಯನ್ನೂ ಪಡೆದವರು. ಮಕ್ಕಳಿಗೆ ತಾವಾಗಿ ಏನನ್ನೂ ಬೋಧಿಸಕೂಡದೆಂಬುದು ಅವರ ದೃಢವಾದ ನಿಲುವು. ಮಕ್ಕಳು ನೆಲ ತೋಡಿ ಗುಹೆಗಳನ್ನು ಮಾಡಿದರು, ಇಟ್ಟಿಗೆಯ ಮೇಲೆ ಇಟ್ಟಿಗೆಯಿಟ್ಟು ಗುಡಿಸಲು ಕಟ್ಟಿದರು, ಬೇಡವಾದಾಗ ಕೆಡವಿದರು. ಕೇಳಿದ ಉಪಕರಣವನ್ನು ಕೊಟ್ಟು, ಕೇಳದ ಸಲಹೆಯನ್ನು ಕೊಡದೆ, ಹತ್ತಿರದಲ್ಲಿಯೇ ಇರುವ ಇಂಥ ಹಿರಿಯರು ದೊರೆಯುವುದು ಹಲಗೆ ಇಟ್ಟಿಗೆಗಳು ದೊರೆಯುವುದಕ್ಕಿಂತ ದುರ್ಲಭವೆಂದೇ ನನ್ನ ಭಾವನೆ.

1946ರಲ್ಲಿ ಎಮ್‌ಡ್ರುಪ್‌ನ ಈ ಬಯಲನ್ನು ನೋಡಿದ ಇಂಗ್ಲೆಂಡಿನ ಲೇಡಿ ಅಲೆನ್ ಎಂಬ ಮಹಿಳೆ ಮನಸೋತು, ಬಾಂಬುಗಳಿಂದ ಹಾಳುಬಿದ್ದ ಲಂಡನ್ನಿನ ನಿವೇಶನಗಳಲ್ಲಿ ಇಂಥ ಬಯಲುಗಳಾಗಬೇಕೆಂದು ಲೇಖನಿ ಹಿಡಿದರು. ಅವರ ಪುಸ್ತಕವೊಂದನ್ನು ಟೋಕಿಯೋದ ದಂಪತಿಗಳು ಜಪಾನೀ ಭಾಷೆಗೆ ತಂದರು. ನೆರೆಹೊರೆಯವರನ್ನು ಕೂಡಿಕೊಂಡು ಮೊದಲು ತಾತ್ಕಾಲಿಕ ಬಯಲುಗಳನ್ನು ನಡೆಸಿದರು. ಕಡೆಗೆ 1979ರಲ್ಲಿ, ಅಂತಾರಾಷ್ಟ್ರೀಯ ಮಕ್ಕಳ ವರ್ಷದಲ್ಲಿ, ಸೆತಗಾಯ ಪ್ರದೇಶದ ಹನೆಗಿ ಉದ್ಯಾನದೊಳಗೆ ಶಾಶ್ವತವಾದುದೊಂದು ನೆಲೆಗೊಂಡಿತು. ತಮ್ಮ ಹೊಣೆಯ ಮೇಲೆ ಸ್ವತಂತ್ರವಾಗಿ ಆಡುವುದೇ ಅಲ್ಲಿಯ ನಿಯಮ. ಸ್ಥಳ ಸ್ಥಳೀಯ ಸರ್ಕಾರದ್ದು. ಮಕ್ಕಳು ಒಲೆ ಹೊತ್ತಿಸುವುದಕ್ಕೂ ಮಣ್ಣು ಅಗೆಯುವುದಕ್ಕೂ ಅಡ್ಡಿಬಾರದಂತೆ ಅದನ್ನು ನಡೆಸಿಕೊಂಡು ಬರುತ್ತಿರುವವರು ನಿವಾಸಿಗಳು.