ಬಚ್ಚಲಲ್ಲಿ ಜಾರಿ ಬಿದ್ದಾಗ

ಮನೆಯ ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ದರೆ ನಾಲ್ಕು ಜನ ಸೇರಿ ಎತ್ತಿ ನಿಲ್ಲಿಸುತ್ತೇವೆ. ಉಳುಕಿರಬೇಕೆಂದು ಎಣ್ಣೆ ಹಚ್ಚಿ ತಿಕ್ಕುತ್ತೇವೆ. ಎರಡೂ ತಪ್ಪು.

ಬೀಳುವಾಗ ಕೈ ಊರಿದರೆ ಮಣಿಕಟ್ಟಿನ ಮೂಳೆ ಮುರಿಯಬಹುದು. ಕುಳಿತಂತೆ ಬಿದ್ದರೆ ಬೆನ್ನುಮೂಳೆ ಕುಸಿಯಬಹುದು. ಪಕ್ಕಕ್ಕೆ ಬಿದ್ದರೆ ಸೊಂಟದ ಕೀಲಿನ ಬಳಿ ತೊಡೆಮೂಳೆ ಮುರಿಯಬಹುದು. ಮುಟ್ಟು ನಿಂತ ಮೇಲೆ ಹೆಂಗಸರ ಮೂಳೆ ಟೊಳ್ಳಾಗುತ್ತಾ ಹೋಗುವುದರಿಂದ ಸಣ್ಣ ಪೆಟ್ಟೇ ಸಾಕು.

ಬಿದ್ದವರಿಗೆ ತೊಡೆಸಂದು ನೋಯುತ್ತಿದೆಯೆ? ಕಾಲು ಗಿಡ್ಡವಾಗಿ ಪಾದ ಹೊರಕ್ಕೆ ತಿರುಗಿದೆಯೆ? ಹಾಗಿದ್ದರೆ ಮೂಳೆ ಮುರಿದಿದೆಯೆಂದೇ ತಿಳಿಯಿರಿ. ನಡೆಸಬೇಡಿ. ಕಾಲು ಅಲುಗದಂತೆ ಮಲಗಿಸಿ, 108ಕ್ಕೆ ಕರೆ ಮಾಡಿ. ಕೆಲವರು ಮೂಳೆ ಮುರಿದರೂ ಕುಂಟುತ್ತಾ ನಡೆಯುವುದುಂಟು. ನೋವಿದ್ದರೆ ಎಕ್ಸ್‌-ರೇ ತೆಗೆಸಲೇಬೇಕು. ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ನುಂಗುವವರ ತಲೆಗೆ ಪೆಟ್ಟು ಬಿದ್ದಿದ್ದರೆ, ಗಾಯ ಕಾಣದಿದ್ದರೂ ಕೂಡಲೇ ವೈದ್ಯರಿಗೆ ತೋರಿಸಿ.

‘ಈ ವಯಸ್ಸಿನಲ್ಲಿ ಆಪರೇಷನ್ ಯಾಕೆ?’ ಎಂದು ಹಿಂಜರಿಯಬೇಡಿ. ತೊಡೆಮೂಳೆ ಮುರಿದವರು ತಿಂಗಳುಗಟ್ಟಲೆ ಮಲಗಿದರೆ ಬೆನ್ನುಹುಣ್ಣು, ನ್ಯುಮೋನಿಯಾ ಬಂದು ಪ್ರಾಣಕ್ಕೇ ಕುತ್ತಾದೀತು. ಒಂದೆರಡು ದಿನದೊಳಗೆ ಆಪರೇಷನ್ ಆದರೆ ಹೆಚ್ಚಿನವರನ್ನು ಬೇಗ ಎಬ್ಬಿಸಿ ನಡೆಸಬಹುದು.

ಬಚ್ಚಲ ಪಾಚಿ, ಸೋಪಿನ ಜಿಡ್ಡನ್ನು ಇಂದೇ ಉಜ್ಜಿ ತೊಳೆಯಿರಿ. ಗೋಡೆಗೆ ಹಿಡಿಕೆ ಹಾಕಿಸಿ. ರಾತ್ರಿ ಅಲ್ಲಿಗೆ ಹೋಗುವ ದಾರಿಯಲ್ಲಿ ಒಂದು ಸಣ್ಣ ದೀಪ ಉರಿಯುತ್ತಿರಲಿ.