ಗಿಲ್ಟಿಯ ವಿರುದ್ಧ ಪದ

ನಮ್ಮ ಕನ್ನಡ ಸಂಘದ ಕೋಣೆಯಲ್ಲಿ ಪ್ರತಿ ಭಾನುವಾರ ಬೆಳಿಗ್ಗೆ ಒಂದೂವರೆ ತಾಸು ನಾನು ಇಂಗ್ಲಿಷ್ ಕಲಿಸುತ್ತೇನೆ. ಎಲ್ಲರೂ ಮೇಷ್ಟ್ರೇ ಎಂದು ಕರೆದರೂ ನಾನು ಮೇಷ್ಟ್ರಲ್ಲ. ಮುಂಬಯಿಯ ಫೋರ್ಟಿನಲ್ಲಿ ಒಬ್ಬ ವಕೀಲರ ಆಫೀಸಿನಲ್ಲಿ 30 ವರ್ಷ ಟೈಪಿಸ್ಟ್ ಆಗಿದ್ದು ಈಗ ಮನೆಯಲ್ಲಿರುವವನು. ತರಗತಿಗೆ ಬರುವವರು ಹನ್ನೆರಡು ಹದಿಮೂರು ಜನ. ಹೋಟೆಲಿನ ಹುಡುಗರು, ಇಬ್ಬರು ಸೆಕ್ಯೂರಿಟಿಯವರು, ಮಕ್ಕಳ ಶಾಲೆಯ ಮೀಟಿಂಗಿನಲ್ಲಿ ಬಾಯಿ ಬಿಡಲಾಗದೆ ಬೇಸತ್ತ ಮೂವರು ತಾಯಂದಿರು.

ಕಳೆದ ತಿಂಗಳು ಪಾಠದಲ್ಲಿ ಬಂದದ್ದು ಅಪರಾಧ ಮತ್ತು ಶಿಕ್ಷೆಯ ಪದಗಳು. ಅದರ ಬೆನ್ನಿಗೇ ವಿರುದ್ಧಾರ್ಥದ ಗುಣವಾಚಕಗಳು. ಪಟ್ಟಿ ನೋಡಿದ ಒಬ್ಬ ಹುಡುಗ, "ಮೇಷ್ಟ್ರೇ, ಇದೆಲ್ಲ ನಮಗೆ ಯಾಕೆ? ನಾವೇನು ಕದಿಲಿಕ್ಕೆ ಹೋಗ್ಲಿಕ್ಕುಂಟಾ?" ಎಂದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಈ ಪಾಠವನ್ನು ನಾನು ಯಾವ ವರ್ಷವೂ ಬಿಟ್ಟದ್ದಿಲ್ಲ.

ಮೊದಲ ತಪ್ಪು ಎಲ್ಲರದೂ ಒಂದೇ. 'ಟ್ರೇನಿನಲ್ಲಿ ನನ್ನ ಮೊಬೈಲ್ ರಾಬ್ ಆಯಿತು' ಎನ್ನುತ್ತಾರೆ. ಇಂಗ್ಲಿಷಿನಲ್ಲಿ ಸ್ಟೀಲ್ ಮಾಡುವುದು ವಸ್ತುವನ್ನು, ರಾಬ್ ಮಾಡುವುದು ಮನುಷ್ಯನನ್ನು. ಕಾನೂನಿನ ಲೆಕ್ಕವೂ ಹೆಚ್ಚು ಕಡಿಮೆ ಹಾಗೆಯೇ. ಒಬ್ಬರ ಒಪ್ಪಿಗೆಯಿಲ್ಲದೆ ಅವರ ಸೊತ್ತನ್ನು ಅಪ್ರಾಮಾಣಿಕವಾಗಿ ತೆಗೆದರೆ ಥೆಫ್ಟ್. ಅದಕ್ಕೆ ಹೊಡೆತವೋ ಬೆದರಿಕೆಯೋ ಸೇರಿದರೆ ರಾಬರಿ. ಆ ರಾಬರಿಗೆ ಐದು ಅಥವಾ ಅದಕ್ಕಿಂತ ಹೆಚ್ಚು ಜನ ಒಟ್ಟಾದರೆ ಡಕಾಯಿಟಿ. ಬರ್ಗ್ಲರಿ ಎಂದರೆ ನಮ್ಮ ಕನ್ನ ಹಾಕುವುದು. ನಮ್ಮ ಪತ್ರಿಕೆಗಳು ಸುಲಿಗೆ, ದರೋಡೆ, ಡಕಾಯಿತಿ ಎಂದು ಕೈಗೆ ಬಂದದ್ದನ್ನು ಬರೆದುಬಿಡುತ್ತವೆ, ಅದು ಬೇರೆ ಮಾತು. ಡಕಾಯಿಟಿ, ಲೂಟ್, ಥಗ್ ಈ ಮೂರೂ ಇಂಗ್ಲಿಷಿಗೆ ನಮ್ಮ ದೇಶದಿಂದಲೇ ಹೋದ ಪದಗಳು ಎಂದಾಗ ತರಗತಿಗೆ ಬಹಳ ಖುಷಿ. ಥಗ್ ನಮ್ಮ ಠಕ್ಕನ ನೆಂಟ.

ವಿರುದ್ಧ ಪದಗಳದು ಮಾತ್ರ ಇಷ್ಟು ಸುಲಭದ ವ್ಯವಹಾರವಲ್ಲ. ಲೀಗಲ್, ಇಲ್ಲೀಗಲ್, ಆನೆಸ್ಟ್, ಡಿಸ್‌ಆನೆಸ್ಟ್ ಎಂದು ಬಾಯಿಪಾಠ ಮಾಡಿಸಬಹುದು. ಆದರೆ ಸಿಂಪಲ್ ಎಂಬುದಕ್ಕೆ ವಿರುದ್ಧ ಯಾವುದು? ಪುಸ್ತಕ ಡಿಫಿಕಲ್ಟ್ ಎನ್ನುತ್ತದೆ, ಕಾಂಪ್ಲೆಕ್ಸ್ ಎನ್ನುತ್ತದೆ. ಜೈಲಿನ ಬಾಗಿಲಿಗೆ ಬಂದರೆ ಅದು ರಿಗರಸ್. ಸಾದಾ ಸಜೆ ಮತ್ತು ಕಠಿಣ ಸಜೆ. ಕಠಿಣ ಎಂದರೆ ಒಳಗೆ ಮೈಮುರಿದು ದುಡಿಯಬೇಕು. ಕಾನ್‌ಕರೆಂಟ್ ಮತ್ತು ಕಾನ್ಸೆಕ್ಯುಟಿವ್ ಇನ್ನೊಂದು ಜೋಡಿ. ಎರಡು ಅಪರಾಧಕ್ಕೆ ಮೂರು ಮೂರು ವರ್ಷ ಸಜೆಯಾದರೆ, ಮೊದಲ ಪದ ಬಿದ್ದವನು 3 ವರ್ಷಕ್ಕೆ ಮನೆಗೆ ಬರುತ್ತಾನೆ, ಎರಡನೆಯದು ಬಿದ್ದವನಿಗೆ 6 ವರ್ಷ.

ನಾನು ಇದನ್ನೆಲ್ಲ ಮೊದಲು ಕೇಳಿದ್ದು ರಾತ್ರಿ ಶಾಲೆಯಲ್ಲಿ. ಇಸವಿ 1983. ನನಗೆ 15 ವರ್ಷ. ಊರಿನಿಂದ ಬಂದು ಫೋರ್ಟಿನ ಒಂದು ಹೋಟೆಲಿನಲ್ಲಿ ಗ್ಲಾಸು ತೊಳೆಯುತ್ತಿದ್ದೆ. ಸಂಜೆ ಧಣಿಗಳ ಅಪ್ಪಣೆ ಪಡೆದು ಕನ್ನಡ ರಾತ್ರಿ ಶಾಲೆಗೆ ಓಟ. ಹಗಲು ಬ್ಯಾಂಕಿನಲ್ಲಿ ಕೆಲಸ ಮಾಡುತ್ತಿದ್ದ ಮೇಷ್ಟ್ರು ಕರಿಹಲಗೆಯ ಮೇಲೆ ಎರಡು ಸಾಲು ಬರೆದು ಹೇಳಿಸುತ್ತಿದ್ದರು. ಗಿಲ್ಟಿ, ಇನ್ನೊಸೆಂಟ್. ಗಿಲ್ಟಿ, ಇನ್ನೊಸೆಂಟ್. ನನ್ನ ಪಕ್ಕದ ಬೆಂಚಿನ ಗೆಳೆಯ ಅಷ್ಟರಲ್ಲಿ ನಿದ್ದೆಗೆ ಜಾರಿರುತ್ತಿದ್ದ. ನನಗಿಂತ ಎರಡೇ ವರ್ಷ ದೊಡ್ಡವನಾದರೂ ಆಗಲೇ ಟೇಬಲ್ ಮಾಣಿ. ಬೆಳಿಗ್ಗೆ ಐದಕ್ಕೆ ಏಳಬೇಕಾದವನು ಅವನು, ನಿದ್ದೆ ಬರದಿದ್ದೀತೇ?

ಅದೇ ಮಳೆಗಾಲದಲ್ಲಿ ಒಬ್ಬ ಗಿರಾಕಿ ಕೈತೊಳೆಯುವ ಬೇಸಿನ್ ಹತ್ತಿರ ವಾಚು ಬಿಚ್ಚಿಟ್ಟು ಮರೆತು ಹೋದ. ನನ್ನ ಗೆಳೆಯ ಅದನ್ನೆತ್ತಿ ಅಂಗಿಯ ಕಿಸೆಗೆ ಹಾಕಿದ್ದನ್ನು ನಾನು ನೋಡಿದೆ. ಮಧ್ಯಾಹ್ನದ ಊಟದ ಹೊತ್ತು, ಕಾಲಿಡಲು ಜಾಗವಿಲ್ಲದಷ್ಟು ಜನ. ಅರ್ಧ ಗಂಟೆಯಲ್ಲಿ ಗಿರಾಕಿ ಬೊಬ್ಬೆ ಹೊಡೆಯುತ್ತ ಬಂದ, ವಾಚು ಕಿಸೆಯಲ್ಲಿ ಸಿಕ್ಕಿತು, ಪೊಲೀಸರು ಬಂದರು. "ಗಲ್ಲಾಕ್ಕೆ ಕೊಡ್ಬೇಕಂತಲೇ ಇಟ್ಕೊಂಡದ್ದು" ಎಂದು ಅವನು ಅತ್ತದ್ದನ್ನು ಯಾರೂ ಕೇಳಲಿಲ್ಲ. ಎರಡು ರಾತ್ರಿ ಲಾಕಪ್ಪು.

ಕೋರ್ಟಿಗೆ ಅವನ ಬಟ್ಟೆ ಹಿಡಿದುಕೊಂಡು ನಾನೂ ಹೋದೆ. ಹೊರಗೆ ಯಾರೋ ಅವನಿಗೆ ಉಪದೇಶ ಮಾಡಿದ್ದರು: ಕಬೂಲ್ ಅಂದರೆ ದಂಡ ಕಟ್ಟಿ ಸಂಜೆಗೆ ರೂಮಿಗೆ, ಇಲ್ಲ ಅಂದರೆ ತಾರೀಖಿನ ಮೇಲೆ ತಾರೀಖು. ಒಳಗೆ ಮರಾಠಿಯಲ್ಲಿ, ಗುನ್ಹಾ ಕಬೂಲ್ ಆಹೆ ಕಾ ಎಂದು ಕೇಳಿದರು. ಇವನು ತಲೆಯಾಡಿಸಿ ಹೂಂ ಎಂದ. ನಮ್ಮೂರ ಕಡೆ ಕಬೂಲು ಎಂದರೆ ಒಪ್ಪಂದ, ರಾಜಿ. ಮಾತಿಗೆ ಒಪ್ಪಿ ಜಗಳ ಮುಗಿಸುವುದು. ಮೇಲೆ ಕೂತಿದ್ದವರು ಇಂಗ್ಲಿಷಿನಲ್ಲಿ ಏನೋ ಹೇಳಿ ಬರೆಸಿದರು. ಅದರಲ್ಲಿ ನನಗೆ ಅರ್ಥವಾದದ್ದು ಒಂದೇ ಪದ, ಗಿಲ್ಟಿ. ವಾರದ ಹಿಂದೆ ಬಾಯಿಪಾಠ ಮಾಡಿದ ಪದ. ಅದರ ಜೋಡಿ ಪದ ನನ್ನ ನಾಲಿಗೆ ತುದಿಯಲ್ಲಿತ್ತು. ನಾನು ಹಿಂದಿನ ಬೆಂಚಿನಲ್ಲಿ ಬಟ್ಟೆಯ ಗಂಟು ಹಿಡಿದು ಕೂತೇ ಇದ್ದೆ.

ನೂರು ರೂಪಾಯಿ ದಂಡ, ಕೋರ್ಟು ಏಳುವ ತನಕ ಸಜೆ. ಅಂದರೆ ಆ ದಿನದ ಕಲಾಪ ಮುಗಿಯುವವರೆಗೆ ಅಲ್ಲೇ ಕೂತಿರಬೇಕು. ಸಂಜೆ ಇಬ್ಬರೂ ಒಂದೊಂದು ವಡಾಪಾವ್ ತಿಂದು ರೂಮಿಗೆ ನಡೆದೆವು. ಬೇರೆ ಹೋಟೆಲಿನಲ್ಲಿ ಅವನಿಗೆ ಕೆಲಸ ಸಿಕ್ಕಿತು. ರಾತ್ರಿ ಶಾಲೆಗೆ ಮತ್ತೆ ಬರಲಿಲ್ಲ.

ವಕೀಲರ ಆಫೀಸು ಸೇರಿದ ಮೇಲೆ ನನಗೆ ಒಂದೊಂದೇ ತಿಳಿಯಿತು. ಕೋರ್ಟಿನಲ್ಲಿ ಗಿಲ್ಟಿಗೆ ವಿರುದ್ಧ ಇನ್ನೊಸೆಂಟ್ ಅಲ್ಲ, ನಾಟ್ ಗಿಲ್ಟಿ. ತಾನು ಮುಗ್ಧ ಎಂದು ಯಾರೂ ಸಾಧಿಸಿ ತೋರಿಸಬೇಕಾಗಿಲ್ಲ. ತಪ್ಪು ಸಾಬೀತು ಮಾಡುವ ಹೊರೆ ಎದುರಿನವರದು. 1860ರ ದಂಡ ಸಂಹಿತೆಯ 378ನೇ ಕಲಮಿನಲ್ಲಿ ಕಳವು ಎಂಬುದು ನಿಂತದ್ದೇ ಡಿಸ್‌ಆನೆಸ್ಟ್ಲಿ ಎಂಬ ಪದದ ಮೇಲೆ. ಕಲಮಿನ ಕೆಳಗೆ ಉದಾಹರಣೆಗಳಿವೆ. ಹೆದ್ದಾರಿಯಲ್ಲಿ ಯಾರ ವಶದಲ್ಲೂ ಇಲ್ಲದೆ ಬಿದ್ದಿದ್ದ ಉಂಗುರವನ್ನು ಎತ್ತಿಕೊಂಡವನು ಕಳವು ಮಾಡಿದಂತಲ್ಲ, ಬೇರೆ ಅಪರಾಧವಾದೀತು ಎನ್ನುತ್ತದೆ ಒಂದು. ಬೇಸಿನ್ ಹತ್ತಿರದ ವಾಚು ಹೆದ್ದಾರಿಯ ಉಂಗುರವಲ್ಲ, ಗೊತ್ತು. ಆದರೂ ಆ ಉದಾಹರಣೆ ಟೈಪು ಮಾಡಬೇಕಾಗಿ ಬಂದ ದಿನ ನನ್ನ ಕೈ ನಿಂತಿತ್ತು. ಮೊದಲ ಸಲದ ಇಂಥ ಸಣ್ಣ ತಪ್ಪಿಗೆ ಬುದ್ಧಿಹೇಳಿ ಬಿಟ್ಟುಬಿಡುವ ಅವಕಾಶ 1958ರ ಪ್ರೊಬೇಷನ್ ಕಾಯಿದೆಯಲ್ಲಿತ್ತು. ಹಾಗೆ ಬಿಟ್ಟವನಿಗೆ ಮುಂದೆ ಆ ಶಿಕ್ಷೆಯ ಕಾರಣಕ್ಕೆ ಅನರ್ಹತೆ ಅಂಟುವುದಿಲ್ಲ. ಕೇಳಬೇಕೆಂದು ನಮಗೆ ಹೇಳಿದವರಿಲ್ಲ.

1992ರಲ್ಲಿ ಅವನು ನನ್ನನ್ನು ಹುಡುಕಿಕೊಂಡು ಬಂದ. ಕೊಲ್ಲಿಯಲ್ಲಿ ಕ್ಯಾಂಟೀನ್ ಕೆಲಸ, ಕೈಯಲ್ಲಿ ನಾಲ್ಕು ಪುಟದ ಫಾರ್ಮು. "ನೀನೀಗ ಇಂಗ್ಲಿಷಿನವ, ತುಂಬಿಸಿ ಕೊಡು ಮಾರಾಯ." ಹೆಸರು, ಊರು, ತಂದೆಯ ಹೆಸರು ಬರೆದೆ. ಮೂರನೇ ಪುಟದಲ್ಲಿ ಆ ಪ್ರಶ್ನೆ ಇತ್ತು: ಯಾವುದಾದರೂ ಅಪರಾಧಕ್ಕಾಗಿ ನೀವು ಎಂದಾದರೂ ಕನ್ವಿಕ್ಟ್ ಆಗಿದ್ದೀರಾ?

"ನಾನು ಜೈಲಿಗೆ ಹೋಗ್ಲಿಲ್ಲ ಅಲ್ವಾ, ನೋ ಅಂತ ಬರಿ" ಎಂದ.

ಅರೆಸ್ಟ್ ಆಗುವುದು ಬೇರೆ, ಚಾರ್ಜ್ ಬೀಳುವುದು ಬೇರೆ, ಕನ್ವಿಕ್ಟ್ ಆಗುವುದು ಬೇರೆ. ಮೊದಲ ಎರಡೇ ಆಗಿದ್ದರೆ ನಾನು ಧೈರ್ಯವಾಗಿ ನೋ ಎಂದು ಬರೆಯುತ್ತಿದ್ದೆ. "ಕೋರ್ಟು ಏಳುವ ತನಕ ಕೂತದ್ದೂ ಸಜೆಯೇ. ನೀನು ಕಬೂಲ್ ಅಂದಿ, ಅದು ಗಿಲ್ಟಿ ಅಂತ ಬರೆದಾಗಿದೆ" ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. "ಆಗ ನಿನಗೆ ಗೊತ್ತಿತ್ತಾ?" ಎಂದು ಕೇಳಿದ. ಒಂದು ಪದ ಮಾತ್ರ ಗೊತ್ತಿತ್ತು ಎಂದೆ. ಫಾರ್ಮು ಮಡಚಿ ಕಿಸೆಗಿಟ್ಟು, ಚಾ ಕುಡಿದು ಹೋದ. ಕೊಲ್ಲಿಗೆ ಹೋಗಲಿಲ್ಲ. ನೋ ಎಂದು ಬರೆದುಕೊಡಬೇಕಿತ್ತೇ? ಸುಳ್ಳು ಬರೆದು ಸಿಕ್ಕಿಬಿದ್ದಿದ್ದರೆ ಅಲ್ಲಿಯ ಕಥೆ ಇನ್ನೂ ಕೆಟ್ಟದಿರುತ್ತಿತ್ತು ಎಂದು ಸಮಾಧಾನ ಹೇಳಿಕೊಳ್ಳುತ್ತೇನೆ. ಕೆಲವು ರಾತ್ರಿ ಆ ಸಮಾಧಾನ ಸಾಲುವುದಿಲ್ಲ.

2024ರ ಜುಲೈ 1ರಿಂದ ಹಳೆಯ ದಂಡ ಸಂಹಿತೆ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. 420 ಈಗ 318 ಆಗಿದೆ, ಆದರೆ ಮುಂಬಯಿಯ ಬಾಯಲ್ಲಿ ಇನ್ನೂ ಚಾರ್ ಸೌ ಬೀಸೇ. ತರಗತಿಗೆ ನಾನು ಹೊಸದಾಗಿ ಸೇರಿಸಿದ ಪದ ಕಮ್ಯುನಿಟಿ ಸರ್ವಿಸ್, ಸಮುದಾಯ ಸೇವೆ. ಕದ್ದ ವಸ್ತುವಿನ ಬೆಲೆ 5,000 ರೂಪಾಯಿಗಿಂತ ಕಡಿಮೆ ಇದ್ದು, ಶಿಕ್ಷೆಯಾಗುತ್ತಿರುವುದು ಮೊದಲ ಸಲವಾಗಿದ್ದು, ವಸ್ತುವನ್ನೋ ಅದರ ಬೆಲೆಯನ್ನೋ ಮರಳಿಸಿದ್ದರೆ ಈಗ ಅದೇ ಶಿಕ್ಷೆ. ಆದರೂ ಅದು ಕನ್ವಿಕ್ಷನ್ನೇ. ಇದನ್ನು ಹಲಗೆಯ ಮೇಲೆ ಬರೆದು ಕೆಳಗೆ ಎರಡು ಗೆರೆ ಎಳೆದೆ.

"ಮೇಷ್ಟ್ರೇ, ಗುನ್ಹಾ ಕಬೂಲ್ ಅಂತ ಕೇಳಿದ್ರೆ ಎಂತ ಹೇಳ್ಬೇಕು?" ಎಂದ, ಮೊದಲು ನಗಿಸಿದ್ದ ಅದೇ ಹುಡುಗ. ವಕೀಲರು ಬೇಕು ಎಂದು ಹೇಳು, ಖರ್ಚಿಗೆ ಇಲ್ಲದಿದ್ದರೆ ಲೀಗಲ್ ಏಡ್ ಬೇಕು ಎಂದು ಹೇಳು, ಅರ್ಥವಾಗದ ಭಾಷೆಗೆ ತಲೆಯಾಡಿಸಬೇಡ ಎಂದೆ. ಹಿಂದಿಯಲ್ಲೂ ಇಂಗ್ಲಿಷಿನಲ್ಲೂ ಹನ್ನೆರಡೂ ಜನರಿಂದ ಮೂರು ಮೂರು ಸಲ ಹೇಳಿಸಿದೆ.

ನನ್ನ ಗೆಳೆಯ ಈಗ ಡೊಂಬಿವಲಿಯಲ್ಲಿ ಸಣ್ಣ ಕ್ಯಾಂಟೀನ್ ನಡೆಸುತ್ತಾನೆ. ಇಡ್ಲಿ ಚೆನ್ನಾಗಿರುತ್ತದೆ. ವಾಚು ಗಲ್ಲಾಕ್ಕೆ ಕೊಡುವವನಿದ್ದೆಯಾ ಎಂದು ನಾನು ಇಷ್ಟು ವರ್ಷದಲ್ಲಿ ಕೇಳಿಲ್ಲ, ಅವನೂ ಹೇಳಿಲ್ಲ. ಗಲ್ಲಾದ ಪಕ್ಕದಲ್ಲಿ, ಎಲ್ಲರಿಗೂ ಕಾಣುವಂತೆ, ಒಂದು ಗಾಜಿನ ಕಪಾಟು ಇಟ್ಟಿದ್ದಾನೆ. ಹೋದ ವಾರ ನೋಡಿದಾಗ ಅದರಲ್ಲಿ ಎರಡು ಕೊಡೆ, ಒಂದು ಕನ್ನಡಕ, ಒಂದು ಟಿಫಿನ್ ಡಬ್ಬ ಇದ್ದವು. ಗಿರಾಕಿಗಳು ಮರೆತು ಹೋದದ್ದನ್ನು ಮಾಣಿಗಳು ಮುಟ್ಟುವ ಹಾಗಿಲ್ಲ, ಅವನನ್ನು ಕರೆಯಬೇಕು. ಅವನೇ ಬಂದು ಎರಡು ಬೆರಳಿನಲ್ಲಿ ಎತ್ತಿ, ನಾಲ್ಕು ಜನರ ಎದುರಿಗೆ ಅದರೊಳಗೆ ಇಡುತ್ತಾನೆ.