ಸುಳಿಗೀರು

ಅಣ್ಣ ತೀರಿಕೊಂಡ ಮೇಲೆ ಅವನ ಕಾರಿನ ಯೋಗಕ್ಷೇಮವನ್ನು ನಾನು ವಹಿಸಿಕೊಂಡೆ. ಯಾರೂ ನನಗೆ ಒಪ್ಪಿಸಿದ್ದಲ್ಲ. ಆಲೂರಿನಲ್ಲಿ ಮೇಷ್ಟರಾಗಿದ್ದು ನಿವೃತ್ತನಾದವನಿಗೆ ಬೆಳಗಿನ ಹೊತ್ತು ಏನಾದರೊಂದು ಕೆಲಸ ಬೇಕಾಗಿತ್ತು. ಸಕಲೇಶಪುರದ ಆಚೆ ಅತ್ತಿಗೆಯ ತೋಟದ ಮನೆಗೆ ಹೋದಾಗಲೆಲ್ಲ, ಕಾಫಿ ಕಣದ ಪಕ್ಕದಲ್ಲಿ ನಿಂತಿರುತ್ತಿದ್ದ ಆ ಕಡುನೀಲಿ ಕಾರನ್ನು ಹಳೆಯ ಪಂಚೆಯ ಒಣ ತುಂಡಿನಿಂದ ತಿಕ್ಕಿ ತಿಕ್ಕಿ ಒರಸುತ್ತಿದ್ದೆ. ಅಣ್ಣನಿಗೆ ಸಲ್ಲಿಸಬಹುದಾದ ಸೇವೆಯಲ್ಲಿ ಇಷ್ಟಾದರೂ ಉಳಿಯಿತಲ್ಲ ಎಂಬ ಸಮಾಧಾನ. ಎರಡು ವರ್ಷ ಹೀಗೆಯೇ ನಡೆಯಿತು.

ಈ ಸಲ ಅರೇಬಿಕಾ ಕೊಯ್ಲು ಮುಗಿದ ಮೇಲೆ ಅಣ್ಣನ ಮಗಳಿಗೆ ಹಾಸನದಲ್ಲಿ ಕೆಲಸವಾಯಿತು. ಕಾರನ್ನು ಅವಳು ಕೊಂಡೊಯ್ಯುವುದೆಂದು ನಿಶ್ಚಯವಾಯಿತು. ನಿಚ್ಚಳವಾದ ಬಿಸಿಲಿನಲ್ಲಿ ಅದನ್ನು ಅಂಗಳಕ್ಕೆ ತಂದು ನಿಲ್ಲಿಸಿದಾಗ, ಬಾನೆಟ್ಟಿನ ಮೇಲೆ ಬಿದ್ದ ಸೂರ್ಯಬಿಂಬದ ಸುತ್ತ ಜೇಡರ ಬಲೆಯಂತೆ ನೂರಾರು ಸೂಕ್ಷ್ಮ ಗೀರುಗಳು ಸುಳಿಸುತ್ತಿ ಕಂಡವು. ನಾನು ಪಕ್ಕಕ್ಕೆ ಸರಿದೆ. ಬಲೆಯೂ ನನ್ನೊಡನೆ ಸರಿಯಿತು! ಗೀರುಗಳು ನಿಜವಾಗಿ ಸುತ್ತಿಕೊಂಡಿರುವುದಿಲ್ಲವಂತೆ. ದಿಕ್ಕುದಿಕ್ಕಿಗೆ ಹರಡಿರುವ ಅಸಂಖ್ಯ ಗೀರುಗಳಲ್ಲಿ, ಬೆಳಕಿಗೆ ಅಡ್ಡಲಾಗಿ ಬಿದ್ದವು ಮಾತ್ರ ನಮ್ಮ ಕಣ್ಣಿಗೆ ಮಿನುಗುತ್ತವೆ. ಹಾಗೆ ಮಿನುಗಿದವುಗಳೇ ಸೇರಿ ವೃತ್ತವಾಗುತ್ತವೆ.

“ಚಿಕ್ಕಪ್ಪ, ಬೇಸರ ಮಾಡಿಕೊಳ್ಳಬೇಡಿ, ಇದು ನಿಮ್ಮ ಪಂಚೆಯ ಕೆಲಸ” ಎಂದಳು ಹುಡುಗಿ. ನಮ್ಮ ಕೆಂಪು ಧೂಳಿನಲ್ಲಿ ಬೆಣಚುಕಲ್ಲಿನ ಕಣಗಳಿರುತ್ತವೆ; ಅವು ಕಾರಿನ ಲೇಪಕ್ಕಿಂತ ಎಷ್ಟೋ ಪಾಲು ಗಟ್ಟಿ. ಒಣಬಟ್ಟೆಯಲ್ಲಿ ಒರಸಿದವನು ನಿತ್ಯವೂ ಮರಳುಕಾಗದದಲ್ಲಿ ತಿಕ್ಕಿದಂತೆಯೇ ಆಯಿತು. ಮಾಡಿದ ತಪ್ಪನ್ನು ತಿದ್ದುವ ಹೊಣೆಯೂ ನನ್ನದೇ ತಾನೆ?

ಗೀರಿಗೆ ಔಷಧವೆಂದರೆ ಅದನ್ನು ತುಂಬುವುದೆಂದು ನಾನು ತಿಳಿದಿದ್ದೆ. ಮೇಣ ಬಳಿದರೆ ತುಂಬಿದಂತೆ ಕಾಣುವುದು ನಿಜ. ಆದರೆ ನಮ್ಮ ಕಡೆಯ ಮಳೆಯ ಮುಂದೆ ಅದರ ಆಟ ಎಷ್ಟು ದಿನ? ನಿಜವಾದ ಪರಿಹಾರವೇ ಬೇರೆ: ಗೀರಿನ ಸುತ್ತಲಿನ ಮೈಯನ್ನೇ ಗೀರಿನ ತಳದವರೆಗೆ ಸವೆಸಿ ಇಳಿಸುವುದು. ಬಣ್ಣದ ಮೇಲಿರುವ ನಿರ್ವರ್ಣ ಲೇಪದ ದಪ್ಪ ಸಾಮಾನ್ಯವಾಗಿ 40-50 ಮೈಕ್ರಾನ್, ಎಂದರೆ ನಾವು ಬರೆಯುವ ಕಾಗದದ ಸರಿಸುಮಾರು ಅರ್ಧ. ಉಜ್ಜಿದಷ್ಟೂ ಅದರಲ್ಲಿ ಒಂದಿಷ್ಟು ಹೋಗುತ್ತದೆ. ಹೋದದ್ದು ಮರಳಿ ಬರುವುದಿಲ್ಲ.

ನಮ್ಮ ಜಿಲ್ಲೆಗೆ ಇದೇನೂ ಹೊಸ ವಿದ್ಯೆಯಲ್ಲ. ಹಳೇಬೀಡಿನ ಬಸ್ತಿಹಳ್ಳಿಯಲ್ಲಿ 1133ರಲ್ಲಿ ಬೊಪ್ಪದೇವ ಕಟ್ಟಿಸಿದ ಪಾರ್ಶ್ವನಾಥ ಬಸದಿಯ ಕಂಬಗಳಲ್ಲಿ ಇಂದಿಗೂ ಮುಖ ನೋಡಿಕೊಳ್ಳಬಹುದು. ಶಾಲೆಯ ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ದಾಗಲೆಲ್ಲ ಅವರನ್ನು ಆ ಕಂಬಗಳ ಮುಂದಿನಿಂದ ಎಬ್ಬಿಸಿ ತರುವುದೇ ನನಗೆ ಕಷ್ಟವಾಗುತ್ತಿತ್ತು. ಬಳಪದ ಕಲ್ಲನ್ನು ಕಡೆದು, ಉಬ್ಬುತಗ್ಗುಗಳೆಲ್ಲ ಅಳಿಯುವಂತೆ ನುಣುಪುಗೊಳಿಸಿದ್ದರಿಂದ ಬೆಳಕು ಚದರದೆ ಹಿಂದಿರುಗುತ್ತದೆ. ಆ ಶಿಲ್ಪಿಗಳಿಗೆ ಸವೆಸುವುದಕ್ಕೆ ಬೇಕಾದಷ್ಟು ಕಲ್ಲಿತ್ತು. ನನಗಿದ್ದದ್ದು ಅರ್ಧ ಕಾಗದ!

ಎರಡು ದಿನ ಹಿಡಿಯಿತು. ನೆರಳಿನಲ್ಲಿ, ತಗಡು ತಣ್ಣಗಿರುವಾಗ, ಎರಡು ಬಕೆಟ್ ಇಟ್ಟುಕೊಂಡು ಮೇಲಿನಿಂದ ಕೆಳಕ್ಕೆ ತೊಳೆದೆ. ಒಂದರಲ್ಲಿ ಸಾಬೂನಿನ ನೀರು, ಇನ್ನೊಂದು ಕೈಬಟ್ಟೆಯ ಧೂಳನ್ನು ಜಾಲಿಸುವುದಕ್ಕೆ. ಆಮೇಲೆ ಜೇಡಿಮಣ್ಣಿನಂಥ ಒಂದು ಮುದ್ದೆಯನ್ನು ಒದ್ದೆ ಮೈಯ ಮೇಲೆ ಹಗುರವಾಗಿ ಜಾರಿಸಿದರೆ, ತೊಳೆದರೂ ಹೋಗದೆ ಅಂಟಿಕೊಂಡ ಕೊಳೆ ಅದಕ್ಕೆ ಹತ್ತುತ್ತದೆ. ಮುದ್ದೆ ಒಮ್ಮೆ ನೆಲಕ್ಕೆ ಬಿತ್ತು. ನಾನು ಎತ್ತಿಕೊಳ್ಳಹೋದೆ, ಮರಳು ಹತ್ತಿದ ಮುದ್ದೆಯಿಂದ ಹೊಸ ಗೀರು ಬೀಳುತ್ತದೆಂದು ಹುಡುಗಿ ಅದನ್ನು ಎಸೆದೇ ಬಿಟ್ಟಳು. ಬಳಿಕ ಪಾಲಿಷ್. ಇರುವುದರಲ್ಲೆಲ್ಲ ಮೆತ್ತನೆಯದನ್ನು ಬಟಾಣಿಯಷ್ಟು ಸ್ಪಂಜಿಗೆ ಹಚ್ಚಿ, ಒಂದು ಮೊಳದಷ್ಟು ಜಾಗವನ್ನು ಮಾತ್ರ ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ ಉಜ್ಜಿ, ಮೈಕ್ರೋಫೈಬರ್ ಬಟ್ಟೆಯಲ್ಲಿ ಒರಸಿ, ಟಾರ್ಚು ಹಿಡಿದು ನೋಡಬೇಕು. ಅಂಚುಗಳಲ್ಲಿ ಲೇಪ ತೆಳು, ಅಲ್ಲಿ ಒತ್ತಬಾರದು. ಉಗುರಿಗೆ ಸಿಕ್ಕುವಷ್ಟು ಆಳದ ಗೀರನ್ನು ಅದರ ಪಾಡಿಗೆ ಬಿಡಬೇಕು. ಬಾನೆಟ್ಟಿನ ಮೇಲೆ ಎರಡನೆಯ ಸಂಜೆ ಬೆಳ್ಳಿಓಕ್ ಮರಗಳು ತಲೆಕೆಳಗಾಗಿ ನಿಂತದ್ದನ್ನು ಕಂಡಾಗ ನನ್ನ ಹೆಗಲ ನೋವು ಅರ್ಧ ಇಳಿಯಿತೆಂದರೆ ಓದುಗರು ನಗಬಾರದು.

ಕೊನೆಗೆ ಉಳಿದದ್ದು ಬಾಗಿಲುಗಳು. ಚಾಲಕನ ಬಾಗಿಲಿನ ಹಿಡಿಯ ಹಿಂದಿನ ಕುಳಿಯಲ್ಲಿ ಬಾಲಚಂದ್ರನಂತೆ ಬಾಗಿದ ಗೀರುಗಳು ಒಂದರ ಮೇಲೊಂದು ಕಿಕ್ಕಿರಿದಿದ್ದವು. ಅವು ಪಂಚೆಯವಲ್ಲ, ಉಗುರಿನವು. ಯಾವಾಗಲೂ ಅವಸರದಲ್ಲಿರುತ್ತಿದ್ದ ಅಣ್ಣ ಆ ಬಾಗಿಲನ್ನು ತೆರೆಯುತ್ತಿದ್ದ ಬಗೆ ನನಗೆ ಗೊತ್ತು. ಸ್ಪಂಜಿಗೆ ಪಾಲಿಷ್ ಹಚ್ಚಿಕೊಂಡೆ.

ಅತ್ತಿಗೆ ಕಾಫಿ ತಂದವರು ಲೋಟವನ್ನು ಕೊಡದೆ ನಿಂತಿದ್ದರು. “ಮೇಷ್ಟ್ರೇ, ಅದೊಂದನ್ನು ಬಿಟ್ಟುಬಿಡಿ” ಎಂದರು.

ಅವೇನೂ ಆಳವಾದ ಗೀರುಗಳಲ್ಲ. ಅರ್ಧ ಗಂಟೆಯಲ್ಲಿ ಹೋಗುತ್ತಿದ್ದವು. ನಾನು ಲೋಟವನ್ನು ಈಸಿಕೊಂಡು ಹಿಂದಿನ ಬಾಗಿಲಿನ ಕಡೆಗೆ ನಡೆದೆ.